ಹಳೆಯ ಪ್ರೊಸೆಸರಿಗೆ ಹೊಸ ಪ್ಯಾಕೇಜು

ಎಷ್ಟೋ ಮನೆಗಳ ಅಟ್ಟದಲ್ಲಿ, ಎಷ್ಟೋ ಕಚೇರಿಗಳ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ಕೂತಿರುತ್ತದೆ. ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತದೆ. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಫ್ಯಾನು ಸದ್ದು ಮಾಡಿದರೂ ತಿರುಗುತ್ತದೆ. ಆದರೆ ಈಗಿನ ಬ್ರೌಸರ್ ಅದರಲ್ಲಿ ಏರುವುದಿಲ್ಲ, ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ, ಭದ್ರತೆಯ ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿವೆ. ಅದನ್ನು ನಾವು ‘ಕೆಟ್ಟುಹೋಗಿದೆ’ ಎಂದುಬಿಡುತ್ತೇವೆ. ನಿಜಕ್ಕೂ ಅದರ ಒಂದು ತಂತಿಯೂ ಕೆಟ್ಟಿಲ್ಲ. ಅದಕ್ಕೆ ತಂತ್ರಾಂಶ ಕಟ್ಟಿಕೊಡುವವರು ಇಲ್ಲವಾಗಿದ್ದಾರೆ, ಅಷ್ಟೆ.

ಕಂಪ್ಯೂಟರಿನ ಆಯುಸ್ಸು ಅದರ ಬಿಡಿಭಾಗಗಳಿಗಿಂತ ಹೆಚ್ಚಾಗಿ ಈ ಕಟ್ಟುವವರ ಕೈಯಲ್ಲಿದೆ. ಅವರು ಯಾರು, ಏನು ಮಾಡುತ್ತಾರೆ, ಯಾವಾಗ ಕೈಬಿಡುತ್ತಾರೆ, ಕೈಬಿಡುವ ತೀರ್ಮಾನ ಯಾರದು? ಇವತ್ತಿನ ಮಾತು ಈ ಪ್ರಶ್ನೆಗಳ ಬಗ್ಗೆ.

ಮೊದಲು ಒಂದು ವಿಷಯ ತಿಳಿಯಾಗಲಿ. ಪ್ರತಿಯೊಂದು ಪ್ರೊಸೆಸರ್ ಕುಲಕ್ಕೂ ತನ್ನದೇ ಆದ ಆದೇಶಗಳ ಭಾಷೆಯಿದೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳದು ಒಂದು ಭಾಷೆ. ನಿಮ್ಮ ಮೊಬೈಲಿನೊಳಗಿನ ಆರ್ಮ್ ಪ್ರೊಸೆಸರಿನದು ಇನ್ನೊಂದು. ಐಬಿಎಂನ ದೊಡ್ಡ ಮೇನ್‌ಫ್ರೇಮ್ ಯಂತ್ರಗಳದು ಮತ್ತೊಂದು. ಇದನ್ನೇ ಆರ್ಕಿಟೆಕ್ಚರ್ ಎನ್ನುತ್ತಾರೆ. ಪ್ರೋಗ್ರಾಮರ್ ಬರೆಯುವ ಮೂಲ ಸಂಕೇತ ಒಂದೇ. ಕಂಪೈಲರ್ ಎಂಬ ತಂತ್ರಾಂಶ ಅದನ್ನು ಬೇರೆ ಬೇರೆ ಪ್ರೊಸೆಸರುಗಳ ಭಾಷೆಗೆ ಇಳಿಸುತ್ತದೆ. ಒಂದೇ ಥಾನಿನ ಬಟ್ಟೆಯನ್ನು ಒಬ್ಬೊಬ್ಬರ ಮೈಯಳತೆಗೆ ದರ್ಜಿ ಹೊಲಿದುಕೊಟ್ಟ ಹಾಗೆ. ಹಾಗೆ ಹೊಲಿದು, ಮಡಚಿ, ಇದನ್ನು ಹಾಕಿಕೊಳ್ಳಲು ಇನ್ನೇನೇನು ಬೇಕು ಎಂಬ ಚೀಟಿ ಅಂಟಿಸಿ ಕೊಟ್ಟರೆ ಅದೇ ಪ್ಯಾಕೇಜು.

ಈ ಕೆಲಸ ಬಯಲಿನಲ್ಲಿ ನಡೆಯುವುದನ್ನು ನೋಡಬೇಕೆಂದರೆ ಡೆಬಿಯನ್ ಎಂಬ ಯೋಜನೆಯನ್ನು ನೋಡಬೇಕು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಇದನ್ನು ಘೋಷಿಸಿದ. ಯಂತ್ರವನ್ನು ನಡೆಸುವ ತಿರುಳಾದ ಲಿನಕ್ಸ್ ಕರ್ನೆಲ್ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ, ಪರೀಕ್ಷಿಸಿ, ಉಚಿತವಾಗಿ ಹಂಚುವ ಸ್ವಯಂಸೇವಕರ ಕೂಟ ಅದು. ಜಗತ್ತಿನ ಮೂಲೆಮೂಲೆಯವರು ಅದರಲ್ಲಿದ್ದಾರೆ. ಅವರ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ಇಷ್ಟನ್ನೂ ಒಂದೇ ಬಗೆಯ ಯಂತ್ರಕ್ಕೆ ಕಟ್ಟುವುದೇ ದೊಡ್ಡ ಕೆಲಸ. ಡೆಬಿಯನ್ ಹಲವು ಬಗೆಯ ಯಂತ್ರಗಳಿಗೆ ಕಟ್ಟುತ್ತದೆ.

ಈ ಹಲವು ಯಂತ್ರಗಳ ಕಥೆ ಶುರುವಾಗುವುದು ಮೊಟರೋಲಾ ಕಂಪನಿಯ 68000 ಎಂಬ ಪ್ರೊಸೆಸರಿನಿಂದ. 1979ರಲ್ಲಿ ಬಂದ ಈ ಚಿಪ್‌ನಲ್ಲಿ ಸುಮಾರು 68 ಸಾವಿರ ಟ್ರಾನ್ಸಿಸ್ಟರುಗಳಿದ್ದವು. 2020ರಲ್ಲಿ ಆಪಲ್ ಹೊರತಂದ ಎಂ1 ಚಿಪ್‌ನಲ್ಲಿ 1,600 ಕೋಟಿ ಇವೆ ಎಂದರೆ ನಡುವಿನ ದೂರ ಗೊತ್ತಾದೀತು. ಆದರೆ ತನ್ನ ಕಾಲಕ್ಕೆ 68000 ರಾಜನೇ. 1984ರ ಮೊದಲ ಮ್ಯಾಕಿಂತೋಷ್, 1985ರ ಕಮಡೋರ್ ಅಮಿಗಾ, ಅದೇ ವರ್ಷದ ಅಟಾರಿ ಎಸ್‌ಟಿ ಎಲ್ಲದರ ಒಳಗೂ ಅದೇ ಇತ್ತು. ಮುಂದೆ ಅದರ ವಂಶದಲ್ಲಿ 68020, 68030, 68040, 68060 ಬಂದವು. ಲಿನಕ್ಸ್ ಇಂಟೆಲ್ ಮನೆಯಿಂದ ಹೊರಗೆ ಕಾಲಿಟ್ಟಾಗ ಮೊದಮೊದಲು ಹೊಕ್ಕಿದ್ದು ಈ ಅಮಿಗಾ, ಅಟಾರಿ ಯಂತ್ರಗಳನ್ನು. 1998ರ ಜುಲೈಯಲ್ಲಿ ಬಿಡುಗಡೆಯಾದ ಡೆಬಿಯನ್ 2.0ರಲ್ಲಿ ಎರಡೇ ಆರ್ಕಿಟೆಕ್ಚರುಗಳಿದ್ದವು: ಒಂದು ಇಂಟೆಲ್, ಇನ್ನೊಂದು ಈ ಮೊಟರೋಲಾ ವಂಶ. ಮುಂದಿನ ವರ್ಷ ಆಲ್ಫಾ ಮತ್ತು ಸ್ಪಾರ್ಕ್ ಎಂಬ ಪ್ರೊಸೆಸರ್ ಕುಲಗಳು ಸೇರಿದವು, ಆಮೇಲೆ ಆರ್ಮ್ ಮತ್ತು ಪವರ್‌ಪಿಸಿ. 2002ರಲ್ಲಿ 3.0 ಬರುವ ಹೊತ್ತಿಗೆ ಸಂಖ್ಯೆ 11ಕ್ಕೆ ಏರಿತ್ತು.

ಎರಡಿದ್ದದ್ದು ಹನ್ನೊಂದಾದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಯಾರೋ ಒಬ್ಬ ನಿರ್ವಾಹಕ ತನ್ನ ಇಂಟೆಲ್ ಯಂತ್ರದಲ್ಲಿ ಕೂತು ಒಂದು ಪ್ಯಾಕೇಜಿನ ಹೊಸ ಆವೃತ್ತಿಯನ್ನು ಕಳಿಸುತ್ತಾನೆ. ಕೂಡಲೇ ಬೇರೆ ಬೇರೆ ಊರುಗಳಲ್ಲಿರುವ, ಬೇರೆ ಬೇರೆ ಕುಲದ ಯಂತ್ರಗಳು ಅದರ ಮೂಲವನ್ನು ಇಳಿಸಿಕೊಂಡು ತಮ್ಮ ತಮ್ಮ ಭಾಷೆಗೆ ಕಂಪೈಲ್ ಮಾಡತೊಡಗುತ್ತವೆ. ಇವುಗಳಿಗೆ ‘ಬಿಲ್ಡ್‌ಡಿ’ ಎಂದು ಹೆಸರು. ಹಗಲೂ ರಾತ್ರಿ ಅವುಗಳದು ಇದೇ ಕಾಯಕ. ಎಲ್ಲ ಸರಿಹೋದರೆ ಯಾರಿಗೂ ಸುದ್ದಿಯಿಲ್ಲ. ಒಂದು ಕಡೆ ಮುರಿದು ಬಿದ್ದರೆ ಅಲ್ಲಿಂದ ಪೋರ್ಟರುಗಳ ಕೆಲಸ ಶುರು. ಪೋರ್ಟರು ಎಂದರೆ ಒಂದು ಆರ್ಕಿಟೆಕ್ಚರನ್ನು ತನ್ನದೆಂದು ಹೊತ್ತವನು. ಸಾವಿರಾರು ಸಾಲುಗಳ ಲಾಗ್ ಓದಬೇಕು. ತಪ್ಪು ಪ್ಯಾಕೇಜಿನದೋ, ಕಂಪೈಲರಿನದೋ, ಕರ್ನೆಲಿನದೋ, ಯಂತ್ರದ ಮೆಮೊರಿ ಚಿಪ್ಪಿನದೋ ಎಂದು ಪತ್ತೆ ಹಚ್ಚಬೇಕು. ಪ್ಯಾಚ್ ಬರೆಯಬೇಕು. ಆಮೇಲೆ, ಆ ಯಂತ್ರವನ್ನು ಜನ್ಮದಲ್ಲಿ ಕಾಣದ ಮೂಲ ಲೇಖಕನಿಗೆ ‘ಇದನ್ನು ದಯವಿಟ್ಟು ಸೇರಿಸಿಕೊಳ್ಳಿ’ ಎಂದು ಬರೆದು ಒಪ್ಪಿಸಬೇಕು. ಕೊನೆಯದೇ ಎಷ್ಟೋ ಸಲ ಕಷ್ಟದ್ದು.

ಏನು ಮುರಿಯುತ್ತದೆ, ಯಾಕೆ ಮುರಿಯುತ್ತದೆ? ಒಂದೆರಡು ಉದಾಹರಣೆ ಕೊಡುತ್ತೇನೆ. ಇವು ಈ ವಿದ್ಯೆಯ ಸ್ವಾರಸ್ಯದ ಭಾಗ.

1998 ಎಂಬ ಸಂಖ್ಯೆಯನ್ನು ನಾವು ಸಾವಿರದ ಸ್ಥಾನದಿಂದ ಬಿಡಿಯ ಕಡೆಗೆ ಬರೆಯುತ್ತೇವೆ. ಬಿಡಿಯಿಂದ ಸಾವಿರದ ಕಡೆಗೆ ಬರೆಯುವ ರೂಢಿ ಇದ್ದಿದ್ದರೂ ಲೆಕ್ಕಕ್ಕೆ ತೊಂದರೆಯಾಗುತ್ತಿರಲಿಲ್ಲ, ಎಲ್ಲರೂ ಹಾಗೇ ಬರೆದರೆ. ಪ್ರೊಸೆಸರುಗಳಲ್ಲಿ ಈ ಎರಡೂ ರೂಢಿಗಳಿವೆ. ಮೊಟರೋಲಾ 68000, ಸ್ಪಾರ್ಕ್, ಐಬಿಎಂ ಮೇನ್‌ಫ್ರೇಮ್ ಇವು ಸಂಖ್ಯೆಯ ದೊಡ್ಡ ತುದಿಯ ಬೈಟನ್ನು ಮೊದಲು ಇಡುತ್ತವೆ. ಇಂಟೆಲ್ ಚಿಕ್ಕ ತುದಿಯನ್ನು ಮೊದಲು ಇಡುತ್ತದೆ. ಇಂಟೆಲ್ ಯಂತ್ರದಲ್ಲಷ್ಟೇ ಪರೀಕ್ಷಿಸಿದ ತಂತ್ರಾಂಶ ಒಂದು ಕಡತವನ್ನು ಬರೆದು ಮತ್ತೆ ಓದಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಅದೇ ಕಡತವನ್ನು ಸ್ಪಾರ್ಕ್ ಯಂತ್ರದಲ್ಲಿ ತೆರೆದರೆ ಒಂದು ಎಂಬುದು ಒಂದೂವರೆ ಕೋಟಿಗೂ ಮೀರಿದ ಸಂಖ್ಯೆಯಾಗಿ ಕೂತಿರುತ್ತದೆ.

ಇದು ನಮಗೆ ದೂರದ ವಿಷಯವಲ್ಲ. ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಕನ್ನಡ ಓದುವಾಗ ಅಕ್ಷರಗಳನ್ನು ಮೂಡಿಸುವ ಫಾಂಟ್ ಕಡತ, ಅದು ತುಂಗಾ ಇರಲಿ, ಲೋಹಿತ್ ಇರಲಿ, ನೋಟೊ ಇರಲಿ, ಅದರೊಳಗಿನ ಸಂಖ್ಯೆಗಳೆಲ್ಲ ದೊಡ್ಡ ತುದಿ ಮೊದಲು ಎಂಬ ಕ್ರಮದಲ್ಲಿವೆ. ಕಾರಣವಿಷ್ಟೆ: ಟ್ರೂಟೈಪ್ ಎಂಬ ಫಾಂಟ್ ವಿಧಾನವನ್ನು ಆಪಲ್ ಕಂಪನಿ 1991ರಲ್ಲಿ ಹೊರತಂದಾಗ ಮ್ಯಾಕಿಂತೋಷ್‌ನೊಳಗೆ ಇದ್ದದ್ದು 68000 ವಂಶದ ಪ್ರೊಸೆಸರ್. ಆಮೇಲೆ ಅದರ ಮೇಲೆ ಬೆಳೆದ ಓಪನ್‌ಟೈಪ್ ಅದೇ ಕ್ರಮವನ್ನು ಉಳಿಸಿಕೊಂಡಿತು. ಇವತ್ತಿನ ಫೋನು ಚಿಕ್ಕ ತುದಿಯ ಯಂತ್ರ. ಹಾಗಾಗಿ ಒತ್ತಕ್ಷರವೊಂದನ್ನು ಪರದೆಯ ಮೇಲೆ ಇಡುವ ಮೊದಲು ಅದು ಫಾಂಟಿನ ಸಂಖ್ಯೆಗಳ ಬೈಟುಗಳನ್ನು ಹಿಂದುಮುಂದು ಮಾಡಿಯೇ ಓದಬೇಕು. ಇಂಟರ್‌ನೆಟ್ಟಿನಲ್ಲಿ ಓಡಾಡುವ ಪೊಟ್ಟಣಗಳ ತಲೆಬರಹದಲ್ಲಿಯೂ ದೊಡ್ಡ ತುದಿಯೇ ಮೊದಲು. ಈ ಎರಡು ರೂಢಿಗಳ ನಡುವಿನ ಹೊಸ್ತಿಲನ್ನು ದಾಟುವಾಗ ಎಡವದ ಹಾಗೆ ತಂತ್ರಾಂಶ ಬರೆಯಬೇಕಾದರೆ, ಎರಡೂ ಬಗೆಯ ಯಂತ್ರದಲ್ಲಿ ಅದನ್ನು ಓಡಿಸಿ ನೋಡುವವರು ಎಲ್ಲೋ ಇರಬೇಕು.

ಇನ್ನೊಂದು ಉದಾಹರಣೆ ಸಿ ಭಾಷೆಯದು. ಅಕ್ಷರವೊಂದನ್ನು ಇಡುವ ‘ಚಾರ್’ ಎಂಬ ಪುಟ್ಟ ಡಬ್ಬಿಯಲ್ಲಿ ಋಣ ಸಂಖ್ಯೆ ಇಡಬಹುದೋ ಇಲ್ಲವೋ ಎಂಬುದನ್ನು ಸಿ ಭಾಷೆ ಯಂತ್ರಕ್ಕೆ ಬಿಟ್ಟುಬಿಟ್ಟಿದೆ. ಇಂಟೆಲ್‌ನಲ್ಲಿ ಇಡಬಹುದು. ಆರ್ಮ್, ಪವರ್‌ಪಿಸಿ ಯಂತ್ರಗಳ ಲಿನಕ್ಸ್‌ನಲ್ಲಿ ಇಡಲಾಗದು. ಕಡತ ಮುಗಿಯಿತು ಎಂದು ತಿಳಿಸಲು ಸಿ ಭಾಷೆಯಲ್ಲಿ ಮೈನಸ್ ಒಂದು ಎಂಬ ಸಂಕೇತ ಬರುತ್ತದೆ. ಅವಸರದ ಪ್ರೋಗ್ರಾಮರ್ ಅದನ್ನು ಆ ಪುಟ್ಟ ಡಬ್ಬಿಯಲ್ಲಿ ಹಿಡಿಯುತ್ತಾನೆ. ಇಂಟೆಲ್‌ನಲ್ಲಿ ಪ್ರೋಗ್ರಾಂ ಸರಿಯಾಗಿ ನಿಲ್ಲುತ್ತದೆ. ಪವರ್‌ಪಿಸಿಯಲ್ಲಿ ಮೈನಸ್ ಒಂದು ಎಂಬುದು 255 ಆಗಿಬಿಡುತ್ತದೆ. ಕಡತ ಮುಗಿದರೂ ಪ್ರೋಗ್ರಾಮಿಗೆ ಮುಗಿಯಿತೆಂದು ತಿಳಿಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ತಪ್ಪು ಪವರ್‌ಪಿಸಿಯದಲ್ಲ. ತಪ್ಪು ಮೊದಲಿಂದಲೂ ಇತ್ತು, ಇಂಟೆಲ್ ಅದನ್ನು ಮುಚ್ಚಿಟ್ಟಿತ್ತು.

ಸ್ಪಾರ್ಕ್ ಪ್ರೊಸೆಸರ್ ಇನ್ನೂ ಕಟ್ಟುನಿಟ್ಟು. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕು. ಇಲ್ಲವಾದರೆ ಪ್ರೋಗ್ರಾಮನ್ನು ಅಲ್ಲೇ ಕೊಂದುಹಾಕುತ್ತದೆ. ಇಂಟೆಲ್ ಅಂಥದ್ದನ್ನು ಕಂಡೂ ಕಾಣದಂತೆ ಬಿಡುತ್ತದೆ. 68000 ವಂಶದ ಲಿನಕ್ಸ್ ಇನ್ನೊಂದು ತುದಿಯದು: ಅಲ್ಲಿ ಅದೇ ಸಂಖ್ಯೆ ಎರಡರಿಂದ ಭಾಗವಾಗುವ ವಿಳಾಸದಲ್ಲೂ ಕೂರಬಹುದು. ‘ಎಲ್ಲ ವಿಳಾಸಗಳೂ ನಾಲ್ಕರ ಗುಣಕಗಳೇ, ಹಾಗಾಗಿ ಕೊನೆಯ ಎರಡು ಬಿಟ್ ಯಾವಾಗಲೂ ಖಾಲಿ’ ಎಂದು ನಂಬಿ ಆ ಜಾಗದಲ್ಲಿ ತಮ್ಮ ಗುಟ್ಟಿನ ಗುರುತುಗಳನ್ನು ಇಟ್ಟುಕೊಳ್ಳುವ ದೊಡ್ಡ ದೊಡ್ಡ ತಂತ್ರಾಂಶಗಳಿವೆ. 68000ದಲ್ಲಿ ಅವು ಕುಸಿಯುತ್ತವೆ. ಎಚ್‌ಪಿ ಕಂಪನಿಯ ಪಿಎ-ರಿಸ್ಕ್ ಯಂತ್ರದಲ್ಲಿ ಸ್ಟ್ಯಾಕ್ ಎಂಬ ತಾತ್ಕಾಲಿಕ ಸ್ಮೃತಿ ಮೇಲ್ಮುಖವಾಗಿ ಬೆಳೆಯುತ್ತದೆ. ಉಳಿದ ಹೆಚ್ಚಿನ ಯಂತ್ರಗಳಲ್ಲಿ ಕೆಳಮುಖ. 1992ರ ಆಲ್ಫಾದ ಮೊದಲ ಪೀಳಿಗೆಗೆ ಒಂದೇ ಒಂದು ಬೈಟನ್ನು ನೇರವಾಗಿ ಬರೆಯುವ ಆದೇಶವೇ ಇರಲಿಲ್ಲ. ಇಡೀ ಪದವನ್ನು ಎತ್ತಿಕೊಂಡು, ನಡುವಿನ ಬೈಟು ಬದಲಿಸಿ, ಮತ್ತೆ ಇಳಿಸಬೇಕಿತ್ತು. ಈ ಒಂದು ಗುಣದಿಂದಾಗಿಯೇ 2024ರ ಲಿನಕ್ಸ್ 6.10ರಲ್ಲಿ ಆ ಪೀಳಿಗೆಯನ್ನು ಕೈಬಿಟ್ಟರು.

ಈ ವಿಚಿತ್ರಗಳನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಹಳೆಯ ಯಂತ್ರಗಳು ತಂತ್ರಾಂಶದ ನಿಷ್ಠುರ ಪರೀಕ್ಷಕರು. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯವರು ಭದ್ರತೆಗೆ ಹೆಸರಾದವರು. ಅವರು ಹಲವು ಬಗೆಯ ಪ್ರೊಸೆಸರುಗಳನ್ನು ಇಟ್ಟುಕೊಂಡಿರುವುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಒಂದು. ಡೆಬಿಯನ್‌ನಲ್ಲಿ ಈಗ ಅಧಿಕೃತವಾಗಿ ಉಳಿದಿರುವ ದೊಡ್ಡ ತುದಿಯ ಆರ್ಕಿಟೆಕ್ಚರ್ ಒಂದೇ, ಐಬಿಎಂ ಮೇನ್‌ಫ್ರೇಮಿನದು. 1964ರಲ್ಲಿ ಘೋಷಣೆಯಾದ ಸಿಸ್ಟಂ 360ರ ಮರಿಮಗ ಅದು. ದೊಡ್ಡ ದೊಡ್ಡ ಬ್ಯಾಂಕುಗಳ ಲೆಕ್ಕ ಇಂದಿಗೂ ಅದರ ಮೇಲೆ ನಡೆಯುತ್ತದೆ. ಅಮಿಗಾದಲ್ಲೋ ಸ್ಪಾರ್ಕ್ ಪ್ರೊಸೆಸರಿನ ಹಳೆಯ ವರ್ಕ್‌ಸ್ಟೇಷನ್ನಿನಲ್ಲೋ ಯಾರೋ ಹವ್ಯಾಸಿ ತಿದ್ದಿದ ಬೈಟಿನ ತಪ್ಪು ಆ ಮೇನ್‌ಫ್ರೇಮಿನಲ್ಲಿ ಆಗಲೇ ಸರಿಯಾಗಿರುತ್ತದೆ. ಹಾಗೆಯೇ ಹೊಸ ರಿಸ್ಕ್-ಫೈವ್ ಪ್ರೊಸೆಸರ್ ಬಂದಾಗ ಅದಕ್ಕಾಗಿ ಸಾವಿರಾರು ಪ್ಯಾಕೇಜುಗಳನ್ನು ಕಟ್ಟಲು ಸಾಧ್ಯವಾದದ್ದು, ತಂತ್ರಾಂಶವನ್ನು ಒಂದೇ ಯಂತ್ರಕ್ಕೆ ಅಂಟಿಕೊಳ್ಳದಂತೆ ಹಿಂದಿನವರು ಬಿಡಿಸಿಟ್ಟಿದ್ದರಿಂದ. ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಅಧಿಕೃತವಾಗಿ ಒಳಗೆ ಬಂತು.

ಇಷ್ಟು ಪ್ರಯೋಜನವಿದ್ದರೆ ಎಲ್ಲವನ್ನೂ ಉಳಿಸಿಕೊಳ್ಳಬಹುದಲ್ಲ? ಇಲ್ಲಿ ಲೆಕ್ಕಾಚಾರ ಶುರುವಾಗುತ್ತದೆ.

ಮೊದಲ ಲೆಕ್ಕ ವೇಗದ್ದು. ಡೆಬಿಯನ್ ರೂಢಿಯಂತೆ ಪ್ಯಾಕೇಜನ್ನು ಆಯಾ ಯಂತ್ರದ ಮೇಲೇ ಕಟ್ಟಬೇಕು, ಅದರ ಪರೀಕ್ಷೆಗಳನ್ನು ಅಲ್ಲೇ ಓಡಿಸಬೇಕು. 68040 ಇರುವ ಯಂತ್ರದಲ್ಲಿ ದೊಡ್ಡ ಪ್ಯಾಕೇಜೊಂದನ್ನು ಕಟ್ಟಲು ದಿನಗಟ್ಟಲೆ ಬೇಕು. ಕಂಪೈಲರಿನಂಥದ್ದಾದರೆ ಇನ್ನೂ ಹೆಚ್ಚು. ಅದು ಮುಗಿಯುವಷ್ಟರಲ್ಲಿ ಮುಂದಿನ ಆವೃತ್ತಿ ಬಂದಿರುತ್ತದೆ. ಹಾಗಾಗಿ ಆ ವಂಶಕ್ಕೆ ಹಲವಾರು ಬಿಲ್ಡ್ ಯಂತ್ರಗಳು ಒಟ್ಟಿಗೆ ದುಡಿಯಬೇಕಾಯಿತು. 2005ರ ಮಾರ್ಚಿನಲ್ಲಿ ಡೆಬಿಯನ್‌ನ ಹೊಣೆಗಾರರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಒಂದು ಪ್ರಸ್ತಾವ ಮುಂದಿಟ್ಟರು. ಅಧಿಕೃತ ಬಿಡುಗಡೆಯಲ್ಲಿ ಇರಬೇಕಾದರೆ ಆರ್ಕಿಟೆಕ್ಚರು ಕೆಲವು ಷರತ್ತುಗಳನ್ನು ಪೂರೈಸಬೇಕು: ಬರುವ ಪ್ಯಾಕೇಜುಗಳ ಪ್ರವಾಹವನ್ನು ಎರಡು ಯಂತ್ರಗಳು ನಿಭಾಯಿಸುವಷ್ಟಾದರೂ ವೇಗ ಇರಬೇಕು, ಆ ಯಂತ್ರ ಮಾರುಕಟ್ಟೆಯಲ್ಲಿ ಹೊಸದಾಗಿ ಕೊಳ್ಳಲು ಸಿಗಬೇಕು, ನೋಡಿಕೊಳ್ಳುವ ಜನ ಇರಬೇಕು. ದೊಡ್ಡ ಜಗಳವೇ ಆಯಿತು. ‘ಹನ್ನೊಂದು ಯಂತ್ರಗಳೇ ನಮ್ಮ ಹೆಮ್ಮೆ’ ಎನ್ನುವವರು ಒಂದು ಕಡೆ. ‘ನಿಧಾನದ ಒಂದು ಯಂತ್ರಕ್ಕಾಗಿ ಎಲ್ಲರ ಬಿಡುಗಡೆ ತಡವಾಗುತ್ತಿದೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ 2007ರ ಏಪ್ರಿಲಿನಲ್ಲಿ ಬಂದ ಡೆಬಿಯನ್ 4.0ರಲ್ಲಿ 64-ಬಿಟ್ ಪಿಸಿ ಒಳಗೆ ಬಂತು, 68000 ವಂಶ ಹೊರಗೆ ಹೋಯಿತು.

ಹೊರಗೆ ಹೋಗುವುದೆಂದರೆ ಬೀದಿಗೆ ಬೀಳುವುದಲ್ಲ ಎಂಬುದು ಈ ವ್ಯವಸ್ಥೆಯ ಸೊಗಸು. ‘ಡೆಬಿಯನ್ ಪೋರ್ಟ್ಸ್’ ಎಂಬ ಹೊರಚಾವಡಿಯೊಂದಿದೆ. ಅಧಿಕೃತ ಬಿಡುಗಡೆ ಇಲ್ಲ, ಭದ್ರತಾ ತಂಡದ ಖಾತರಿ ಇಲ್ಲ. ಆದರೆ ಸರ್ವರ್ ಇದೆ, ಬಿಲ್ಡ್ ಸರದಿ ಇದೆ, ಆಸಕ್ತರು ದುಡಿಯುವಷ್ಟು ಕಾಲ ಪ್ಯಾಕೇಜುಗಳು ಹೊಸದಾಗುತ್ತಿರುತ್ತವೆ. 68000 ವಂಶ ಹೊರಬಿದ್ದ ಮೇಲೆ ಕೆಲಕಾಲ ಸತ್ತೇಹೋದಂತಿತ್ತು. ಹೊಸ ಸಿ ಲೈಬ್ರರಿ ಬಯಸುತ್ತಿದ್ದ ಥ್ರೆಡ್ ಸೌಲಭ್ಯ ಅದಕ್ಕೆ ಇರಲಿಲ್ಲ. ಆ ಸೌಲಭ್ಯವನ್ನು ಬರೆದು ಸೇರಿಸಿದ ಮೇಲೆ ಪೋರ್ಟರುಗಳು ಎಮ್ಯುಲೇಟರುಗಳನ್ನು ಹೂಡಿ ಮತ್ತೆ ಕಟ್ಟತೊಡಗಿದರು. ಎಮ್ಯುಲೇಟರ್ ಎಂದರೆ ಇವತ್ತಿನ ವೇಗದ ಯಂತ್ರದೊಳಗೆ ಅಂದಿನ ಯಂತ್ರದ ವೇಷ ಹಾಕುವ ತಂತ್ರಾಂಶ. ಎಷ್ಟೋ ಸಲ ವೇಷದ ಯಂತ್ರವೇ ನಿಜದ ಯಂತ್ರಕ್ಕಿಂತ ಚುರುಕು. 2011ರಲ್ಲಿ ಆಲ್ಫಾ ಮತ್ತು ಪಿಎ-ರಿಸ್ಕ್, 2015ರಲ್ಲಿ ಇಟೇನಿಯಂ ಮತ್ತು ಸ್ಪಾರ್ಕ್, 2017ರಲ್ಲಿ ಪವರ್‌ಪಿಸಿ, ಹೀಗೆ ಒಂದೊಂದೇ ಅಧಿಕೃತ ಪಟ್ಟಿಯಿಂದ ಕೆಳಗಿಳಿದವು. ಇಳಿದ ಮೇಲೂ ಹಲವಕ್ಕೆ ಈ ಚಾವಡಿಯಲ್ಲಿ ಜಾಗ ಸಿಕ್ಕಿತು.

ಎರಡನೆಯ ಲೆಕ್ಕ ಕಂಪೈಲರಿನದು, ಇದೇ ಮುಖ್ಯವಾದದ್ದು. ಪ್ರೊಸೆಸರಿಗೆ ಸಾವು ಬರುವುದು ಕಂಪೈಲರ್ ಅದರ ಭಾಷೆಯನ್ನು ಮರೆತಾಗ. 2019ರಲ್ಲಿ ಜಿಸಿಸಿ ಕಂಪೈಲರಿನ ತಂಡ ತನ್ನೊಳಗಿನ ಬಹಳ ಹಳೆಯ ಒಂದು ವಿಧಾನವನ್ನು ಕಿತ್ತುಹಾಕಲು ತೀರ್ಮಾನಿಸಿತು. 68000 ವಂಶ, 1977ರಲ್ಲಿ ಬಂದ ಡಿಇಸಿ ಕಂಪನಿಯ ವ್ಯಾಕ್ಸ್, ಇನ್ನೂ ಕೆಲವು ಆ ವಿಧಾನವನ್ನೇ ನಂಬಿಕೊಂಡಿದ್ದವು. ಹೊಸ ವಿಧಾನಕ್ಕೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಜಾಗ ಖಾಲಿ ಮಾಡಿ ಎಂಬಂಥ ನೋಟಿಸು. ಇದು ಹವ್ಯಾಸಿಗಳು ಸಂಜೆ ಕೂತು ಮಾಡುವ ಕೆಲಸವಲ್ಲ. ಕಂಪೈಲರಿನ ಹೊಟ್ಟೆಯೊಳಗೆ ಕೈ ಹಾಕಬೇಕು. ಆಗ ಅಮಿಗಾ, ಅಟಾರಿ, ಹಳೆಯ ಮ್ಯಾಕ್ ಪ್ರೇಮಿಗಳು ವಂತಿಗೆ ಎತ್ತಿ ಬಹುಮಾನದ ನಿಧಿ ಕೂಡಿಸಿದರು. ಅನುಭವಿ ಕಂಪೈಲರ್ ತಜ್ಞರೊಬ್ಬರು ಮುಂದೆ ಬಂದು ಆ ವರ್ಷವೇ ಕೆಲಸ ಮುಗಿಸಿಕೊಟ್ಟರು. ಮರುವರ್ಷ ವ್ಯಾಕ್ಸಿನದೂ ಆಯಿತು. ಹಾಗಾಗಿ 1977ರ ವ್ಯಾಕ್ಸಿಗೆ ನೆಟ್‌ಬಿಎಸ್‌ಡಿ ವ್ಯವಸ್ಥೆ ಇಂದಿಗೂ ಸಿಗುತ್ತದೆ. ಓಪನ್‌ಬಿಎಸ್‌ಡಿಯವರು 2016ರಲ್ಲೇ ವ್ಯಾಕ್ಸನ್ನು ಬಿಟ್ಟರು. ಎರಡು ಯೋಜನೆಗಳ ಪದ್ಧತಿಯಲ್ಲೇ ವ್ಯತ್ಯಾಸವಿದೆ: ನೆಟ್‌ಬಿಎಸ್‌ಡಿಯನ್ನು ಬೇರೊಂದು ವೇಗದ ಯಂತ್ರದಲ್ಲಿ ಕಟ್ಟಿ ವ್ಯಾಕ್ಸಿಗೆ ಕಳಿಸಬಹುದು, ಓಪನ್‌ಬಿಎಸ್‌ಡಿಯಲ್ಲಿ ಆ ಯಂತ್ರ ತನ್ನನ್ನು ತಾನೇ ಕಟ್ಟಿಕೊಳ್ಳಬೇಕು, ಇಲ್ಲವೆಂದರೆ ಹೋಗಬೇಕು.

ಜಿಸಿಸಿಯ ಗಂಡಾಂತರ ಕಳೆಯಿತು ಎನ್ನುವಾಗಲೇ ರಸ್ಟ್ ಭಾಷೆಯ ಪ್ರಶ್ನೆ ಎದುರಾಯಿತು. ಸಿ ಭಾಷೆಯಲ್ಲಿ ಮೆಮೊರಿಯನ್ನು ತಪ್ಪಾಗಿ ಮುಟ್ಟುವುದು ಬಹಳ ಸುಲಭ. ಭದ್ರತೆಯ ಬಿರುಕುಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಅಂಥ ತಪ್ಪುಗಳನ್ನು ಕಂಪೈಲ್ ಮಾಡುವಾಗಲೇ ತಡೆಯುವ ಭಾಷೆ ರಸ್ಟ್. ಅದರ 1.0 ಆವೃತ್ತಿ ಬಂದದ್ದು 2015ರಲ್ಲಿ. ಆದರೆ ಅದರ ಕಂಪೈಲರ್ ನಿಂತಿರುವುದು ಎಲ್‌ಎಲ್‌ವಿಎಂ ಎಂಬ ಅಡಿಪಾಯದ ಮೇಲೆ, ಆ ಅಡಿಪಾಯಕ್ಕೆ ಆಲ್ಫಾ, ಪಿಎ-ರಿಸ್ಕ್‌ನಂಥ ಹಳೆಯ ಪ್ರೊಸೆಸರುಗಳ ಭಾಷೆ ಬಾರದು. 2021ರ ಫೆಬ್ರುವರಿಯಲ್ಲಿ ಪೈಥಾನ್ ಭಾಷೆಯ ಕ್ರಿಪ್ಟಾಗ್ರಫಿ ಎಂಬ ಪ್ಯಾಕೇಜು ತನ್ನ ಹೊಸ ಆವೃತ್ತಿಯಲ್ಲಿ ಕಟ್ಟಲು ರಸ್ಟ್ ಬೇಕು ಎಂದಿತು. ನೂರಾರು ಪ್ಯಾಕೇಜುಗಳು ಅದರ ಮೇಲೆ ನಿಂತಿದ್ದವು. ಹಳೆಯ ಯಂತ್ರಗಳನ್ನು ನೋಡಿಕೊಳ್ಳುವವರು, ಅದರಲ್ಲೂ ಡೆಬಿಯನ್ನಿನಂಥದೇ ಆದ ಜೆಂಟೂ ಮತ್ತು ಆಲ್ಪೈನ್ ಯೋಜನೆಗಳವರು, ಸಿಟ್ಟಿಗೆದ್ದರು. ಅತ್ತ ಆ ಪ್ಯಾಕೇಜಿನ ಲೇಖಕರ ಮಾತೂ ಸರಳವಾಗಿತ್ತು: ನಮ್ಮದು ಭದ್ರತೆಯ ತಂತ್ರಾಂಶ, ಕೋಟ್ಯಂತರ ಜನ ನಂಬಿದ್ದಾರೆ, ಆ ಯಂತ್ರಗಳನ್ನು ನಾವು ಕಂಡಿಲ್ಲ, ಅವುಗಳಲ್ಲಿ ನಡೆಯುತ್ತದೆ ಎಂದು ನಾವು ಯಾವತ್ತೂ ಮಾತು ಕೊಟ್ಟವರಲ್ಲ.

ಈಗ ಅದೇ ಪ್ರಶ್ನೆ ಡೆಬಿಯನ್‌ನ ಬುಡಕ್ಕೇ ಬಂದಿದೆ. ಪ್ಯಾಕೇಜುಗಳನ್ನು ತರಿಸಿ ಕೂರಿಸುವ ‘ಆಪ್ಟ್’ ಎಂಬ ಮೂಲ ಸಾಧನದಲ್ಲಿ 2026ರ ಮೇ ತಿಂಗಳಲ್ಲಿ ಅಥವಾ ಆನಂತರ ರಸ್ಟ್ ಕಡ್ಡಾಯವಾಗಲಿದೆ ಎಂದು ಅದರ ನಿರ್ವಾಹಕರು 2025ರ ಅಕ್ಟೋಬರ್ ಕೊನೆಯಲ್ಲಿ ಪ್ರಕಟಿಸಿದರು. ರಸ್ಟ್ ಇಲ್ಲದ ಪೋರ್ಟುಗಳು ಆರು ತಿಂಗಳಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು, ಇಲ್ಲವೇ ಬಾಗಿಲು ಹಾಕಬೇಕು ಎಂದರು. ಆಲ್ಫಾ, ಪಿಎ-ರಿಸ್ಕ್, 68000 ವಂಶ, ಹಿಟಾಚಿಯ ಎಸ್‌ಎಚ್4 ಇವುಗಳ ಕುತ್ತಿಗೆಗೆ ಬಂದದ್ದು ಇದು. 68000 ವಂಶದವರು ಎಲ್‌ಎಲ್‌ವಿಎಂ ಒಳಗೆ ತಮ್ಮ ಪ್ರೊಸೆಸರನ್ನು ಪ್ರಾಯೋಗಿಕವಾಗಿ 2021ರಲ್ಲೇ ಸೇರಿಸಿದ್ದಾರೆ. ಜಿಸಿಸಿಯ ಮೂಲಕವೇ ರಸ್ಟ್ ಕಂಪೈಲ್ ಮಾಡುವ ಪ್ರಯತ್ನಗಳೂ ನಡೆದಿವೆ. ದಾರಿ ಇದೆ, ನಡೆಯುವ ಕಾಲುಗಳು ಕಡಿಮೆ.

ಮೂರನೆಯ ಲೆಕ್ಕ ಜಾಗದ್ದು ಮತ್ತು ಕಾಲದ್ದು. ಇದು ನಮ್ಮೂರಿನ ಹಳೆಯ ಪಿಸಿಗಳನ್ನೂ ಮುಟ್ಟುವ ಮಾತು. 32-ಬಿಟ್ ಯಂತ್ರದಲ್ಲಿ ಒಂದು ಪ್ರೋಗ್ರಾಂ 4 ಗಿಗಾಬೈಟಿಗಿಂತ ಹೆಚ್ಚು ಮೆಮೊರಿಯನ್ನು ನೋಡಲಾರದು. ಈಗಿನ ಬ್ರೌಸರನ್ನು ಓಡಿಸುವುದಿರಲಿ, ಅದನ್ನು ಕಟ್ಟಲಿಕ್ಕೇ ಅಷ್ಟು ಸಾಲದು. ಕಾಲದ ತೊಡಕು ಇನ್ನೂ ವಿಚಿತ್ರ. ಯುನಿಕ್ಸ್ ಸಂಪ್ರದಾಯದ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. 32-ಬಿಟ್ಟಿನಲ್ಲಿ ಆ ಎಣಿಕೆ 2,14,74,83,647ಕ್ಕೆ ಮುಗಿಯುತ್ತದೆ. ಅದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮುಂದಿನ ಸೆಕೆಂಡಿಗೆ ಯಂತ್ರ 1901ಕ್ಕೆ ಜಾರುತ್ತದೆ. ಡೆಬಿಯನ್‌ನವರು 2024ರಲ್ಲಿ 32-ಬಿಟ್ ಆರ್ಮ್ ಯಂತ್ರಗಳ ಲೈಬ್ರರಿಗಳನ್ನು ರಾಶಿ ರಾಶಿಯಾಗಿ ಮರುಕಟ್ಟಿ ಅವುಗಳಿಗೆ 64-ಬಿಟ್ ಕಾಲವನ್ನು ಕೊಟ್ಟರು. 32-ಬಿಟ್ ಇಂಟೆಲ್‌ಗೆ ಮಾತ್ರ ಕೊಡಲಿಲ್ಲ. ಮೂಲ ಸಂಕೇತವೇ ಕಳೆದುಹೋದ ಹಳೆಯ ಪ್ರೋಗ್ರಾಮುಗಳನ್ನು ಓಡಿಸಲೆಂದೇ ಅದನ್ನು ಉಳಿಸಿಕೊಂಡಿರುವಾಗ, ಅಳತೆ ಬದಲಿಸಿದರೆ ಆ ಪ್ರೋಗ್ರಾಮುಗಳೇ ಓಡುವುದಿಲ್ಲ. ಡೆಬಿಯನ್ 13ರಿಂದ ಆ 32-ಬಿಟ್ ಇಂಟೆಲ್ ಯಂತ್ರಗಳಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. 64-ಬಿಟ್ ಯಂತ್ರದೊಳಗೆ ಹಳೆಯ ಪ್ರೋಗ್ರಾಮಿಗೆ ಒಂದು ಕೋಣೆಯಾಗಿ ಮಾತ್ರ ಅದು ಉಳಿದಿದೆ. ಅಟ್ಟದ ಮೇಲೆ ಪೆಂಟಿಯಂ ಇದ್ದವರು ಇದನ್ನು ಗಮನಿಸಬೇಕು.

ಕೈಬಿಡುವವರನ್ನು ಖಳರೆಂದು ಬಗೆಯುವುದು ತಪ್ಪು. ಲಿನುಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು ಇಂಟೆಲ್ 386ರ ಮೇಲೆ, 2013ರ 3.8 ಆವೃತ್ತಿಯಲ್ಲಿ ಆ 386ನ್ನೇ ತೆಗೆದುಹಾಕಲಾಯಿತು. 2018ರಲ್ಲಿ ಬಳಸುವವರೇ ಕಾಣದ ಎಂಟು ಆರ್ಕಿಟೆಕ್ಚರುಗಳನ್ನು ಒಟ್ಟಿಗೆ ತೆಗೆದರು. ಸತ್ತ ಸಂಕೇತವನ್ನು ಹೊತ್ತುಕೊಂಡರೆ ಕರ್ನೆಲಿನಲ್ಲಿ ಏನನ್ನೇ ಬದಲಿಸುವವನೂ ಅದನ್ನೂ ತಿದ್ದುತ್ತ ಹೋಗಬೇಕು, ಸರಿಯಾಯಿತೋ ಇಲ್ಲವೋ ಎಂದು ನೋಡಲು ಯಂತ್ರವೂ ಇರುವುದಿಲ್ಲ. ವಿದ್ಯುತ್ತಿನ ಮಾತೂ ಇದೆ. ಹಳೆಯ ಸರ್ವರ್ ಒಂದು ದಿನವಿಡೀ ನುಂಗುವ ಕರೆಂಟಿನಲ್ಲಿ ಅಂಗೈಯಗಲದ ಆರ್ಮ್ ಬೋರ್ಡು ಅದಕ್ಕಿಂತ ಹೆಚ್ಚಿನ ಕೆಲಸವನ್ನು ಬಹಳ ದಿನ ಮಾಡೀತು. ಹಳೆಯದನ್ನು ಉಳಿಸಿದ್ದೆಲ್ಲ ಪರಿಸರಕ್ಕೆ ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳಲಾಗದು. ಹತ್ತು ಹದಿನೈದು ವರ್ಷದ 64-ಬಿಟ್ ಲ್ಯಾಪ್‌ಟಾಪನ್ನು ಲಿನಕ್ಸ್ ಹಾಕಿ ಶಾಲೆಯ ಮಕ್ಕಳಿಗೆ ಕೊಡುವುದು ಒಂದು ಮಾತು. ಆಲ್ಫಾ ಸರ್ವರನ್ನು ಹಗಲಿರುಳು ಓಡಿಸುವುದು ಬೇರೆ ಮಾತು. ಅದಕ್ಕೆ ಕಲಿಕೆ, ಪರೀಕ್ಷೆ, ಪ್ರೀತಿ ಎಂಬ ಕಾರಣಗಳಿವೆ. ಉಳಿತಾಯ ಎಂಬ ಕಾರಣ ಇಲ್ಲ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಕಂಪನಿಯೊಂದು ಮಾರಿದ ತಂತ್ರಾಂಶದಲ್ಲಿ ಈ ತೀರ್ಮಾನ ಕಂಪನಿಯದು. ಒಂದು ದಿನಾಂಕ ಪ್ರಕಟಿಸುತ್ತಾರೆ, ಆ ದಿನದ ನಂತರ ನಿಮ್ಮ ಯಂತ್ರಕ್ಕೆ ಅಪ್‌ಡೇಟ್ ಇಲ್ಲ. ನೀವೇ ತಿದ್ದಿಕೊಳ್ಳೋಣವೆಂದರೆ ಮೂಲ ಸಂಕೇತ ನಿಮ್ಮ ಕೈಯಲ್ಲಿಲ್ಲ. ಮುಕ್ತ ತಂತ್ರಾಂಶದಲ್ಲಿ ತೀರ್ಮಾನ ದುಡಿಯುವವರದು, ಅದನ್ನು ಮರುದಿನ ಯಾರಾದರೂ ಪ್ರಶ್ನಿಸಬಹುದು, ಕೆಲಸ ಮಾಡಿ ತಿರುಗಿಸಲೂಬಹುದು. ಇಂಟೆಲ್ ಮತ್ತು ಎಚ್‌ಪಿ ಸೇರಿ ಕಟ್ಟಿದ ಇಟೇನಿಯಂ ಇದಕ್ಕೆ ತೀರಾ ಇತ್ತೀಚಿನ ಸಾಕ್ಷಿ. 2001ರಲ್ಲಿ ಬಂದು, ಮಾರುಕಟ್ಟೆಯಲ್ಲಿ ಸೋತು, 2021ರಲ್ಲಿ ಅದರ ಮಾರಾಟ ನಿಂತಿತು. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಕರ್ನೆಲಿನಿಂದ ಅದನ್ನು ತೆಗೆದರು. ಜಿಸಿಸಿ ಕೂಡ 14ನೆಯ ಆವೃತ್ತಿಯಲ್ಲಿ ಕೈಬಿಡುವ ಪಟ್ಟಿಗೆ ಅದನ್ನು ಸೇರಿಸಿತು. ಆಮೇಲೆ ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದವರಿದ್ದಾರೆ ಎಂದು ತಿಳಿದಾಗ 15ನೆಯ ಆವೃತ್ತಿಯಲ್ಲಿ ಆ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕಿತು. ತಯಾರಿಸಿದ ಕಂಪನಿಗಳೇ ಮರೆತ ಪ್ರೊಸೆಸರಿಗೆ ಕಂಪೈಲರಿನಲ್ಲಿ ಜಾಗ ಉಳಿಯಿತು.

ಇದನ್ನು ಕೇಳುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಕೆಲಸಕ್ಕೆ ಕೈಹಾಕಲು ಅಮಿಗಾ ಹುಡುಕಿಕೊಂಡು ಹೋಗಬೇಕಿಲ್ಲ. ಕ್ಯೂಎಮು ಎಂಬ ಉಚಿತ ಎಮ್ಯುಲೇಟರ್ ನಿಮ್ಮ ಲ್ಯಾಪ್‌ಟಾಪಿನೊಳಗೇ 68040 ಇರುವ ಮ್ಯಾಕನ್ನೋ ಸ್ಪಾರ್ಕ್ ಯಂತ್ರವನ್ನೋ ತೋರಿಸಿಕೊಡುತ್ತದೆ. ಕಟ್ಟಲಾಗದೆ ಮುರಿದುಬಿದ್ದ ಪ್ಯಾಕೇಜುಗಳ ಪಟ್ಟಿ ಎಲ್ಲರೂ ನೋಡುವಂತೆ ಬಯಲಲ್ಲಿದೆ. ಸಣ್ಣದೊಂದನ್ನು ಆರಿಸಿ, ಯಾಕೆ ಮುರಿಯಿತು ಎಂದು ಕೊನೆಯವರೆಗೆ ಬೆನ್ನಟ್ಟಿ. ಬೈಟಿನ ಕ್ರಮ, ವಿಳಾಸದ ಕಟ್ಟು, ಚಾರ್ ಎಂಬ ಡಬ್ಬಿ, ಇವೆಲ್ಲ ಪಠ್ಯದಲ್ಲಿ ಒಂದೊಂದು ಸಾಲಿನಲ್ಲಿ ಮುಗಿಯುವ ವಿಷಯಗಳು. ಒಂದು ಪ್ಯಾಕೇಜನ್ನು ಅನ್ಯ ಯಂತ್ರದಲ್ಲಿ ನಿಲ್ಲಿಸಿದ ಮೇಲೆ ಜನ್ಮದಲ್ಲಿ ಮರೆಯುವುದಿಲ್ಲ.

ಕೊನೆಯದಾಗಿ, ಕಂಪ್ಯೂಟರ್ ಕೊಳ್ಳುವ ಸಂಸ್ಥೆಗಳಿಗೂ ಶಾಲೆಗಳಿಗೂ ಇದರಿಂದ ಒಂದು ಪಾಠವಿದೆ. ಕೊಳ್ಳುವಾಗ ನಾವು ವೇಗ ಕೇಳುತ್ತೇವೆ, ಮೆಮೊರಿ ಕೇಳುತ್ತೇವೆ, ವಾರಂಟಿ ಕೇಳುತ್ತೇವೆ. ಇದಕ್ಕೆ ತಂತ್ರಾಂಶ ಕಟ್ಟುವವರು ಯಾರು, ಅವರು ನಿಲ್ಲಿಸಿದ ದಿನ ಬೇರೊಬ್ಬರು ಮುಂದುವರಿಸಲು ಸಾಧ್ಯವೇ ಎಂದು ಕೇಳುವುದಿಲ್ಲ. ಯಾವ ಯಂತ್ರವೂ ಶಾಶ್ವತವಲ್ಲ, ಎಲ್ಲವನ್ನೂ ಎಂದೋ ಒಂದು ದಿನ ಬಿಡಲೇಬೇಕು. ಆದರೆ ಬಿಡುವ ದಿನವನ್ನು ಬಳಸುವವರೂ ಕಟ್ಟುವವರೂ ಲೆಕ್ಕ ಹಾಕಿ, ವಾದ ಮಾಡಿ, ಎದುರೆದುರೇ ಗೊತ್ತುಮಾಡುವಂತಿರಬೇಕು. ಮೂಲ ಸಂಕೇತ ಕೈಯಲ್ಲಿರುವ ಕಡೆ ಆ ಅವಕಾಶ ಇದೆ. ಇಲ್ಲದ ಕಡೆ ನೋಟಿಸು ಬಂದ ದಿನವೇ ಯಂತ್ರದ ಕೊನೆಯ ದಿನ.